ಚಾನೆಲ್ ಹೋಯಿತೇ? ಮರ ಕಡಿಯುವ ಮೊದಲು ಬಿಸಿಲು ನೋಡಿ

ಕಳೆದ ಆಟಿ ತಿಂಗಳಿನಲ್ಲಿ ನಮ್ಮ ಮನೆಯ ಟಿವಿಯಲ್ಲಿ ಅರ್ಧಕ್ಕರ್ಧ ಚಾನೆಲ್‌ಗಳು ಕಾಣೆಯಾದವು. ಉಳಿದವು ಬರುತ್ತಿದ್ದವು. ಹೋದವುಗಳಲ್ಲಿ ಚಂದನವೂ ಒಂದು. ಅಪ್ಪನಿಗೆ ಎಂಬತ್ತನಾಲ್ಕು ದಾಟಿದೆ, ತೋಟಕ್ಕೆ ಇಳಿಯಲಿಕ್ಕಾಗುವುದಿಲ್ಲ. ಸಂಜೆಯ ವಾರ್ತೆ ಮತ್ತು ಕೃಷಿ ದರ್ಶನ, ಇವೆರಡೇ ಅವರಿಗೆ ಹೊರಗಿನ ಲೋಕ. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ "ಎಂತ, ಅದು ಇನ್ನು ಬರುವುದೇ ಇಲ್ವಾ?" ಎಂದು ಕೇಳಿದರು.

ಪೇಟೆಯಿಂದ ರಿಪೇರಿಯವನನ್ನು ಕರೆಸಿದೆ. ಎಲ್‌ಎನ್‌ಬಿ ಬದಲಿಸಿದ. ಆಗಲಿಲ್ಲ. ಬಾಕ್ಸ್ ಹಳತಾಯಿತು ಅಂದ. ಹೊಸತು ತಂದದ್ದಾಯಿತು. ಆಗಲೂ ಅದೇ ಕತೆ. ಕೊನೆಗೆ ಡಿಶ್‌ನ ಹಿಂದೆ ನಿಂತು, ಅದು ನೋಡುವ ಕಡೆಗೇ ಕೈ ಚಾಚಿ ಅಂದ: "ಅಣ್ಣಾ, ಆ ಮೂರು ಕಂಗು ಅಡ್ಡ ಉಂಟಲ್ಲ, ಸಿಗ್ನಲ್ ಬರುವುದು ಹೇಗೆ? ಅದನ್ನು ತೆಗೆದ್ರೆ ಎಲ್ಲ ಸರಿಯಾಗ್ತದೆ."

ಮೂವತ್ತು ವರ್ಷದ ಮರಗಳು. ಈಗಲೂ ವರ್ಷಕ್ಕೆ ಮೂರು ಕೊನೆಗೆ ಮೋಸವಿಲ್ಲ. ಕಡಿಯಲಿಕ್ಕೆ ಅರ್ಧ ಗಂಟೆ ಸಾಕು. ಆ ಜಾಗದಲ್ಲಿ ಮತ್ತೊಂದು ಸಸಿ ನೆಟ್ಟು ಫಸಲು ನೋಡಬೇಕಾದರೆ ಐದಾರು ವರ್ಷ. "ನಾಳೆ ನೋಡುವ" ಎಂದು ಅವನನ್ನು ಕಳಿಸಿದೆ. ಆ ಒಂದು ದಿನದ ತಡವೇ ಮರಗಳನ್ನು ಉಳಿಸಿತು. ಆಮೇಲೆ ಕುಳಿತು, ಓದಿ, ಅಳೆದು, ಎರಡು ಸಲ ಮಾಡಿಗೆ ಹತ್ತಿ ಇಳಿದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಹಾಗೆ ತೋಟದ ನಡುವೆ ಮನೆ ಇರುವವರಿಗೆ ಉಪಯೋಗವಾದೀತು.

ಮೊದಲು: ಗಾಳಿಯಲ್ಲಿ ಏನಿದೆ?

ಹಿಂದೆ ಮೀನಿನ ಮುಳ್ಳಿನಂಥ ಆಂಟೆನಾವನ್ನು ಅಡಿಕೆ ಮರದ ಕಂಬಕ್ಕೆ ಕಟ್ಟಿ, ಒಬ್ಬ ತಿರುಗಿಸುತ್ತ "ಬಂತಾ?" ಅನ್ನುವುದು, ಒಳಗಿನವರು "ಸ್ವಲ್ಪ ಬಂತು, ಹೋಯ್ತು" ಅನ್ನುವುದು ಎಲ್ಲರ ಮನೆಯ ಕತೆ. ಆಗ ಸಿಗ್ನಲ್ ಬರುತ್ತಿದ್ದುದು ಗುಡ್ಡದ ಮೇಲಿನ ದೂರದರ್ಶನ ಟವರಿನಿಂದ. ಆ ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ಪ್ರಸಾರ ಭಾರತಿ ಹಂತ ಹಂತವಾಗಿ ನಿಲ್ಲಿಸಿತು. ಆಯಕಟ್ಟಿನ ಜಾಗಗಳ ಸುಮಾರು ಐವತ್ತನ್ನು ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ ಒಳಗೆ ಮುಚ್ಚುವುದಾಗಿ ಅದು ಪ್ರಕಟಿಸಿತ್ತು.

ಇದನ್ನು ಹೇಳಲು ಕಾರಣವಿದೆ. ನಮ್ಮ ಭಾವನ ಮಗ, ಡಿಶ್ಶೇ ಬೇಡ ಎಂದು ಟಿವಿಯ ಪಕ್ಕದಲ್ಲಿಡುವ ಒಳಾಂಗಣ ಆಂಟೆನಾ ತರಿಸಿದ್ದ. ಕಿಟಕಿಯಲ್ಲಿಟ್ಟ, ಅಟ್ಟದಲ್ಲಿಟ್ಟ, ಹತ್ತು ಸಲ ಸ್ಕ್ಯಾನ್ ಮಾಡಿದ. ಒಂದೂ ಬರಲಿಲ್ಲ. ಆಂಟೆನಾದ ತಪ್ಪಲ್ಲ. ಕೆರೆ ಬತ್ತಿದ ಮೇಲೆ ಎಷ್ಟು ಒಳ್ಳೆಯ ಪಂಪು ಇಟ್ಟರೂ ನೀರು ಬರುವುದುಂಟೇ? ನಿಮ್ಮ ಊರಿಗೆ ಟವರಿನ ಪ್ರಸಾರ ಇದೆಯೋ ಇಲ್ಲವೋ ಎಂದು ವಿಚಾರಿಸದೆ ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಹಳ್ಳಿಯಲ್ಲಿ ತಿಂಗಳ ಬಾಡಿಗೆ ಇಲ್ಲದೆ ಟಿವಿ ನೋಡುವವರಿಗೆ ಈಗಿರುವ ದಾರಿ ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಸುರುವಾದದ್ದು ಇದೇ. ಇದು ಬರುವುದು ಜಿಸ್ಯಾಟ್-15 ಎಂಬ ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ್ದು. ಭೂಮಧ್ಯರೇಖೆಯ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಆಕಾಶದ ಒಂದೇ ಕಡೆ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ.

ಯಾವುದು ಹೋಗಿದೆ ಎಂದು ಪಟ್ಟಿ ಮಾಡಿ

ಗಿಡಕ್ಕೆ ರೋಗ ಬಂದರೆ ನಾವು ಮೊದಲು ಏನು ನೋಡುತ್ತೇವೆ? ಎಲೆ ಹಳದಿಯಾದದ್ದು ಮೇಲಿನದೋ ಕೆಳಗಿನದೋ, ಒಂದು ಮರವೋ ಇಡೀ ಸಾಲೋ ಅಂತ. ಇಲ್ಲಿಯೂ ಹಾಗೆಯೇ. ಕಾಗದ ಪೆನ್ನು ಹಿಡಿದು, ಬರುವವು ಇಷ್ಟು, ಬಾರದವು ಇಷ್ಟು ಎಂದು ಬರೆಯಿರಿ.

ಎಲ್ಲವೂ ಹೋಗಿದ್ದರೆ ಕೇಬಲ್, ಪಿನ್, ಎಲ್‌ಎನ್‌ಬಿ ಇವುಗಳಲ್ಲಿ ಒಂದು ಕೆಟ್ಟಿದೆ, ಇಲ್ಲವೇ ಡಿಶ್ ತೀರಾ ತಿರುಗಿದೆ.

ಒಂದು ಗುಂಪು ಪೂರ್ತಿ ಹೋಗಿ ಇನ್ನೊಂದು ಗುಂಪು ಬರುತ್ತಿದ್ದರೆ ಸಿಗ್ನಲ್ ದುರ್ಬಲವಾಗಿದೆ ಎಂದು ಲೆಕ್ಕ. ಚಾನೆಲ್‌ಗಳು ಉಪಗ್ರಹದಿಂದ ಒಂದೊಂದಾಗಿ ಬರುವುದಿಲ್ಲ. ಬಸ್ಸಿನಲ್ಲಿ ಜನ ಬಂದ ಹಾಗೆ ಹತ್ತಿಪ್ಪತ್ತು ಚಾನೆಲ್ ಒಂದು ಅಲೆಯಲ್ಲಿ ಕುಳಿತು ಬರುತ್ತವೆ. ಇಂಥ ಕೆಲವು ಬಸ್ಸುಗಳಿವೆ. ಒಂದು ಬಸ್ಸು ಬಾರದಿದ್ದರೆ ಅದರಲ್ಲಿದ್ದವರೆಲ್ಲ ಬಾರದ ಹಾಗೆ ಒಂದು ಅಲೆ ತಪ್ಪಿದರೆ ಅದರ ಚಾನೆಲ್‌ಗಳೆಲ್ಲ ಒಟ್ಟಿಗೇ ಮಾಯ. ನಮ್ಮಲ್ಲಿ ಆದದ್ದು ಇದು.

ಒಂದೆರಡೇ ಹೋಗಿದ್ದರೆ ನಿಮ್ಮ ಮನೆಯಲ್ಲಿ ಏನೂ ಕೆಟ್ಟಿಲ್ಲದಿರಬಹುದು. ಖಾಸಗಿ ಚಾನೆಲ್‌ಗಳು ಇಲ್ಲಿ ಹರಾಜಿನಲ್ಲಿ ಜಾಗ ಹಿಡಿಯುತ್ತವೆ. ಅವಧಿ ಮುಗಿದಾಗ, ಹೆಚ್ಚಾಗಿ ಏಪ್ರಿಲ್ ತಿಂಗಳ ಹೊತ್ತಿಗೆ, ಕೆಲವು ಹೋಗಿ ಬೇರೆ ಬರುತ್ತವೆ. ಕೆಲವು ಚಾನೆಲ್ ಎಂಪೆಗ್-4 ಎಂಬ ಹೊಸ ಕ್ರಮದಲ್ಲಿ ಬರುತ್ತವೆ. ಹಳೆಯ ಎಂಪೆಗ್-2 ಬಾಕ್ಸಿಗೆ ಅದು ಓದಲಿಕ್ಕೆ ಬಾರದ ಲಿಪಿ. ಪಕ್ಕದ ಮನೆಯಲ್ಲಿ ಬರುತ್ತದೆಯೇ, ಅವರ ಬಾಕ್ಸ್ ಯಾವುದು ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಿತು.

ಜೋರು ಮಳೆಯಲ್ಲಿ ಮಾತ್ರ ಹೋಗಿ ಆಮೇಲೆ ತಾನಾಗಿ ಬಂದರೆ ಅದು ಸಹಜ. ಈ ಅಲೆಗಳನ್ನು ದಪ್ಪ ಮಳೆ ನುಂಗುತ್ತದೆ. ಆದರೆ ಸಣ್ಣ ತುಂತುರಿಗೂ ಹೋಗುವುದಾದರೆ ಡಿಶ್ ಸರಿಯಾಗಿ ಕೂತಿಲ್ಲ. ಗಾಳಿ ಬೀಸಿದಾಗಲೆಲ್ಲ ಕಡಿಯುವುದಾದರೆ ಬೋಲ್ಟು ಸಡಿಲ, ಇಲ್ಲವೇ ಯಾವುದೋ ಸೋಗೆ ಆಚೀಚೆ ಓಲಾಡಿ ಅಡ್ಡ ಬರುತ್ತಿದೆ.

ಸ್ಕ್ಯಾನ್ ಕೊನೆಗೆ, ಮೊದಲಲ್ಲ

ಚಾನೆಲ್ ಹೋದ ಕೂಡಲೇ ರಿಮೋಟ್ ಹಿಡಿದು ಆಟೋ ಸ್ಕ್ಯಾನ್ ಒತ್ತುವುದು ಎಲ್ಲರ ಅಭ್ಯಾಸ. ನಾನೂ ಒತ್ತಿದೆ. ತಪ್ಪು ಮಾಡಿದೆ. ಸಿಗ್ನಲ್ ದುರ್ಬಲ ಇರುವಾಗ ಸ್ಕ್ಯಾನ್ ಮಾಡಿದರೆ ಬಾಕ್ಸ್ ಆ ಹೊತ್ತಿಗೆ ಸಿಕ್ಕಿದ್ದನ್ನು ಮಾತ್ರ ಬರೆದಿಟ್ಟು, ಹಳೆಯ ಪಟ್ಟಿಯನ್ನು ಅಳಿಸಿಬಿಡಬಹುದು. ಆಮೇಲೆ ಯಾವುದು ಇತ್ತು, ಯಾವುದು ಹೋಯಿತು ಎಂಬ ಗುರುತೇ ಉಳಿಯುವುದಿಲ್ಲ.

ಅದರ ಬದಲು ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪುಟಕ್ಕೆ ಹೋಗಿ. ಎರಡು ಪಟ್ಟಿ ಕಾಣುತ್ತದೆ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಹೆಚ್ಚಿನವರು ಸ್ಟ್ರೆಂತ್ ನೋಡಿ ಮೋಸ ಹೋಗುತ್ತಾರೆ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಎಲ್‌ಎನ್‌ಬಿಯ ಸ್ವಂತ ಗೌಜಿಯೇ ಅಲ್ಲಿ ಪಟ್ಟಿ ತುಂಬಿಸುತ್ತದೆ. ಅದು ಹೇಳುವುದು ಇಷ್ಟೆ: ಕೇಬಲ್ ಮತ್ತು ಎಲ್‌ಎನ್‌ಬಿ ಜೀವಂತ ಇವೆ. ಉಪಗ್ರಹ ಸಿಕ್ಕಿದೆಯೋ ಎಂದು ಹೇಳುವುದು ಕ್ವಾಲಿಟಿ ಮಾತ್ರ. ಸ್ಟ್ರೆಂತ್ ಇಲ್ಲವೇ ಇಲ್ಲ ಎಂದಾದರೆ ಕೇಬಲು ಪಿನ್ನು ನೋಡಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲ ಅಂದರೆ ಡಿಶ್‌ನ ದಿಕ್ಕು ನೋಡಿ. ನಮ್ಮಲ್ಲಿ ಸ್ಟ್ರೆಂತ್ ಏರಿ ಇಳಿಯುತ್ತಿತ್ತು, ಕ್ವಾಲಿಟಿ 30ರ ಆಸುಪಾಸು ಕುಣಿಯುತ್ತಿತ್ತು. ಅಂದರೆ ರೋಗ ಎರಡು.

ಪಿನ್ನಿನೊಳಗಿನ ನೀರು

ಮೊದಲು ಬಾಕ್ಸಿನ ಸ್ವಿಚ್ ತೆಗೆಯಿರಿ. ಬಾಕ್ಸಿನಿಂದ ಎಲ್‌ಎನ್‌ಬಿಗೆ ಕರೆಂಟು ಹೋಗುವುದು ಇದೇ ಕೇಬಲಿನಲ್ಲಿ. 13 ಅಥವಾ 18 ವೋಲ್ಟ್. ಮನುಷ್ಯರಿಗೆ ಅಪಾಯವಿಲ್ಲ, ಆದರೆ ಒಳತಂತಿ ಹೊರಬಲೆಗೆ ತಾಗಿದರೆ ಬಾಕ್ಸಿಗೆ ಪೆಟ್ಟು.

ಎಲ್‌ಎನ್‌ಬಿಯ ಕಡೆಯ ಪಿನ್ ಬಿಚ್ಚಿದಾಗ ನನಗೆ ಕಂಡದ್ದು ಹಸಿರು ಕಿಲುಬು. ಮಳೆಗಾಲದಲ್ಲಿ ಸಣ್ಣ ಸಂದಿನಿಂದ ನೀರು ಹೋಗಿ ತಂತಿಯನ್ನು ತಿಂದಿತ್ತು. ಒಂದು ಗೇಣು ಕೇಬಲ್ ಕತ್ತರಿಸಿ ಬಿಸುಟು, ಹೊಳೆಯುವ ಹೊಸ ತಂತಿ ಸಿಗುವ ಕಡೆ ಹೊಸ ಪಿನ್ ಹಾಕಿದೆ. ಕತ್ತರಿಸುವಾಗ ಹೊರಬಲೆಯ ಒಂದು ಎಳೆಯೂ ನಡುತಂತಿಗೆ ತಾಗಬಾರದು. ಮೇಲಿನಿಂದ ಟೇಪು ಸುತ್ತುವಾಗ ಕೆಳಗಿನಿಂದ ಮೇಲಕ್ಕೆ ಸುತ್ತಿ, ಮಾಡಿಗೆ ಹಂಚು ಹೊದಿಸಿದ ಕ್ರಮದಲ್ಲಿ. ಆಗ ನೀರು ಜಾರಿ ಹೋಗುತ್ತದೆ. ಕೇಬಲನ್ನು ಪಿನ್ನಿನಿಂದ ಕೆಳಗೆ ಒಂದು ಕುಣಿಕೆಯಾಗಿ ಇಳಿಬಿಟ್ಟರೆ ಹರಿದು ಬರುವ ನೀರು ಕುಣಿಕೆಯ ತಳದಲ್ಲಿ ತೊಟ್ಟಿಕ್ಕುತ್ತದೆ, ಪಿನ್ನಿಗೂ ಬಾರದು, ಮನೆಯೊಳಗೂ ಬಾರದು.

ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳವನ್ನೂ ನೋಡಿ. ಬಿರುಕು ಇದ್ದರೆ ಒಳಗೆ ನೀರು ನಿಂತಿರುತ್ತದೆ. ಕುಂಬಾರ ಹುಳ ಮಣ್ಣು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕಡಜದ ಗೂಡು ಇದ್ದರೆ ಜಾಗ್ರತೆ. ಮಾಡಿನ ಮೇಲೆ ಓಡಲಿಕ್ಕೆ ಜಾಗ ಇರುವುದಿಲ್ಲ.

ಪಿನ್ ಸರಿಯಾದ ಮೇಲೆ ಸ್ಟ್ರೆಂತ್ ಏರಿ ಅಲ್ಲಿಯೇ ನಿಂತಿತು. ಕ್ವಾಲಿಟಿ ಮಾತ್ರ 35 ದಾಟಲಿಲ್ಲ. ಇನ್ನು ಉಳಿದದ್ದು ಎರಡೇ: ಡಿಶ್ ಸರಿದಿರಬೇಕು, ಅಥವಾ ಆ ಮೂರು ಕಂಗುಗಳೇ ಅಡ್ಡವಿರಬೇಕು.

ಡಿಶ್‌ನ ಮುಖ ನಂಬಬೇಡಿ

ಇಲ್ಲಿಯೇ ರಿಪೇರಿಯವನು ಎಡವಿದ್ದು. ನಮ್ಮ ಮನೆಗಳಲ್ಲಿರುವ ಸಣ್ಣ ಡಿಶ್‌ಗಳು ಮುಖ ಮಾಡಿದ ಕಡೆಯನ್ನು ನೋಡುವುದಿಲ್ಲ. ಎಲ್‌ಎನ್‌ಬಿಯ ಕೈ ಕೆಳಗಿನಿಂದ ಬಂದಿರುತ್ತದಲ್ಲ, ಅದಕ್ಕೆ ತಕ್ಕ ಹಾಗೆ ತಟ್ಟೆಯನ್ನು ಮಾಡಿರುತ್ತಾರೆ. ಮುಖ ತೋರಿಸುವುದಕ್ಕಿಂತ ಸುಮಾರು 22ರಿಂದ 26 ಡಿಗ್ರಿ ಮೇಲಿನಿಂದ ಸಿಗ್ನಲ್ ಬರುತ್ತದೆ.

ಪುತ್ತೂರಿನ ಸುತ್ತ ಜಿಸ್ಯಾಟ್-15 ಇರುವುದು ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ. ದಿಕ್ಕು ಉತ್ತರದಿಂದ ಲೆಕ್ಕ ಹಾಕಿದರೆ 124 ಡಿಗ್ರಿ, ಅಂದರೆ ಮೂಡಿನಿಂದ 34 ಡಿಗ್ರಿ ತೆಂಕಿಗೆ. ಬೆಂಗಳೂರಿನಲ್ಲಿ ಎತ್ತರ 66, ದಿಕ್ಕು 128. ಶಿರಸಿಯಲ್ಲಿ 62 ಮತ್ತು 127. ಬೀದರಿನಲ್ಲಿ 62 ಮತ್ತು 137. ಕರ್ನಾಟಕದಲ್ಲಿ ಎಲ್ಲಿದ್ದರೂ ಉಪಗ್ರಹ ಆಗ್ನೇಯಕ್ಕೆ, ನೆತ್ತಿಯ ಕಡೆಗೇ ಹೆಚ್ಚು ಎಂದು ನೆನಪಿಟ್ಟರೆ ಸಾಕು.

ನಮ್ಮ ಡಿಶ್‌ನ ಮುಖ ನೋಡುತ್ತಿದ್ದುದು ಸುಮಾರು 40 ಡಿಗ್ರಿಗೆ. ಆ ನೇರಕ್ಕೆ ಕಣ್ಣಿಟ್ಟರೆ ಮೂರು ಕಂಗುಗಳ ಮಂಡೆಯೂ ಅಡ್ಡ ಕಾಣುತ್ತದೆ. ಆದರೆ ಸಿಗ್ನಲ್ ಆ ನೇರಕ್ಕೆ ಬರುವುದೇ ಇಲ್ಲ, ಅವುಗಳ ತಲೆಯ ಮೇಲಿನಿಂದ ಬರುತ್ತದೆ.

ಮರ ಅಡ್ಡವಿದೆಯೋ ಇಲ್ಲವೋ ಎಂಬುದಕ್ಕೆ ಸುಲಭದ ಲೆಕ್ಕ ಒಂದಿದೆ. 64 ಡಿಗ್ರಿಯ ಇಳಿಜಾರಿನಲ್ಲಿ ಒಂದು ಮೀಟರ್ ದೂರ ಹೋದರೆ ಎರಡು ಮೀಟರ್ ಎತ್ತರ ಏರುತ್ತದೆ. ಹಾಗಾಗಿ ಡಿಶ್‌ನಿಂದ ಮರ ಎಷ್ಟು ದೂರವೋ ಅದರ ಎರಡು ಪಾಲು ಎತ್ತರ, ಡಿಶ್‌ನ ಮಟ್ಟದಿಂದ ಮೇಲಕ್ಕೆ, ಮರ ಬೆಳೆದರೆ ಮಾತ್ರ ಅಡ್ಡ. ನಮ್ಮ ಕಂಗುಗಳು ಡಿಶ್‌ನಿಂದ 9 ಮೀಟರ್ ದೂರ. ಎತ್ತರ ಅಂದಾಜು 15 ಮೀಟರ್. ಡಿಶ್ ಇರುವುದು 3 ಮೀಟರ್ ಎತ್ತರದ ತಾರಸಿಯಲ್ಲಿ. ಡಿಶ್‌ನಿಂದ ಮೇಲಕ್ಕೆ ಉಳಿದದ್ದು 12. ಅಡ್ಡ ಬರಬೇಕಾದರೆ 18 ಬೇಕು. ಲೆಕ್ಕದಲ್ಲಿ ಮರಗಳು ಗೆದ್ದವು.

ಕಣ್ಣಿನಿಂದಲೇ ನೋಡಬೇಕೆಂದಿದ್ದರೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಸಾಕು. ಅದರ ನಡುವಿನ ತೂತಿಗೆ ನೂಲು ಕಟ್ಟಿ, ತುದಿಗೆ ಒಂದು ನಟ್ಟು ಇಳಿಬಿಡಿ. ನೇರ ಅಂಚನ್ನು ಕಣ್ಣಿನ ಬಳಿ ಹಿಡಿದು ಅದರುದ್ದಕ್ಕೆ ನೋಡಿ. ಸಮತಟ್ಟಾಗಿ ನೋಡುವಾಗ ನೂಲು 90ರಲ್ಲಿರುತ್ತದೆ. ನೂಲು 26ಕ್ಕೆ ಬರುವ ತನಕ ಅಂಚನ್ನು ಮೇಲಕ್ಕೆತ್ತಿದರೆ ನೀವು 64 ಡಿಗ್ರಿ ಎತ್ತರ ನೋಡುತ್ತಿದ್ದೀರಿ. ಡಿಶ್‌ನ ಪಕ್ಕದಲ್ಲೇ ನಿಂತು, ದಿಕ್ಸೂಚಿಯಲ್ಲಿ 124ಕ್ಕೆ ಮುಖ ಮಾಡಿ ಹೀಗೆ ನೋಡಿ. ಕಂಡದ್ದು ಬರೇ ಆಕಾಶವಾದರೆ ಮರಕ್ಕೆ ಕತ್ತಿ ಬೇಡ. ದಿಕ್ಸೂಚಿಯನ್ನು ಡಿಶ್‌ನ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ಇಟ್ಟು ನೋಡಬೇಕು.

ಒಂದು ಮಿಲಿಮೀಟರಿನ ಕತೆ

ಹಾಗಾದರೆ ಡಿಶ್ಶೇ ಸರಿದಿರಬೇಕು. ಹತ್ತಿರ ಹೋಗಿ ನೋಡಿದೆ. ಕಂಬಕ್ಕೆ ಪೂರ್ತಿ ತುಕ್ಕು ಹಿಡಿದಿತ್ತು. ಕ್ಲಾಂಪಿನ ಒಂದು ಬದಿಯಲ್ಲಿ ಮಾತ್ರ ತುಕ್ಕಿಲ್ಲದ ಬೆಳ್ಳಗಿನ ಗೆರೆ. ಹಿಂದೆ ಕ್ಲಾಂಪ್ ಮುಚ್ಚಿಕೊಂಡಿದ್ದ ಜಾಗ ಅದು. ಅಷ್ಟು ದೂರ ಡಿಶ್ ತಿರುಗಿದೆ. ಯಾರ ಕೆಲಸ ಎಂದು ಹೇಳಬೇಕಿಲ್ಲ. ತಾರಸಿಯಲ್ಲಿ ಅರ್ಧ ತಿಂದ ಬಾಳೆಕಾಯಿ ಬಿದ್ದಿತ್ತು. ಮಂಗಗಳಿಗೆ ಡಿಶ್ ಅಂದರೆ ಉಯ್ಯಾಲೆ.

ಗೆರೆಯ ಅಗಲ ಒಂದು ಮಿಲಿಮೀಟರ್ ಇದ್ದೀತು. ಅಷ್ಟಕ್ಕೇ ಇಷ್ಟೆಲ್ಲ ಆಗುತ್ತದೆಯೇ? ಲೆಕ್ಕ ನೋಡಿ. ಒಂದೂವರೆ ಇಂಚಿನ ಪೈಪಿನ ಹೊರಸುತ್ತು ಸುಮಾರು 150 ಮಿಲಿಮೀಟರ್. ಅದು 360 ಡಿಗ್ರಿ. ಅಂದರೆ ಒಂದು ಮಿಲಿಮೀಟರಿಗೆ ಎರಡು ಡಿಗ್ರಿಗಿಂತಲೂ ಹೆಚ್ಚು. ಎರಡು ಅಡಿಯ ಡಿಶ್‌ನ ನೋಟವೇ ಒಟ್ಟು ಮೂರು ಡಿಗ್ರಿಯಷ್ಟು ಅಗಲ, ನಡುವಿನಿಂದ ಆಚೀಚೆ ಒಂದೂವರೆ. ಕಂಬದಲ್ಲಿ ಒಂದು ಮಿಲಿಮೀಟರ್ ಸರಿದರೆ ಉಪಗ್ರಹದ ದೂರದಲ್ಲಿ ನೂರಾರು ಕಿಲೋಮೀಟರ್ ತಪ್ಪಿದ ಹಾಗೆ. ಜೋರಿರುವ ಅಲೆಗಳು ಹೇಗೋ ಉಳಿದವು, ಮೆತ್ತಗಿನವು ಹೋದವು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಈಗಿರುವ ಸ್ಥಾನಕ್ಕೆ ಬಣ್ಣದಲ್ಲೋ ಪೆನ್ನಿನಲ್ಲೋ ಗುರುತು ಮಾಡಿ. ಕೆಲಸ ಕೆಟ್ಟರೆ ಇಲ್ಲಿಗಾದರೂ ಮರಳಬಹುದು. ಕಂಬ ನೆಟ್ಟಗಿದೆಯೋ ಎಂದು ತೂಗುಗುಂಡಿನಿಂದ ನೋಡಿ. ಕಂಬ ವಾಲಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಳಗೊಬ್ಬರು ಕ್ವಾಲಿಟಿ ಪಟ್ಟಿ ನೋಡಿ ಕೂಗಿ ಹೇಳಲಿ. ಫೋನಿನಲ್ಲಿ ಹೇಳಿದರೆ ಗಂಟಲು ಉಳಿದೀತು. ಬಾರದಿರುವ ಒಂದು ಚಾನೆಲಿನ ಪುಟವನ್ನೇ ಹಾಕಿಡಬೇಕು, ಬರುವುದರದ್ದಲ್ಲ.

ಬೋಲ್ಟುಗಳನ್ನು ಡಿಶ್ ಕಷ್ಟದಲ್ಲಿ ತಿರುಗುವಷ್ಟು ಮಾತ್ರ ಸಡಿಲಿಸಿ. ಎಡ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ನಾಲ್ಕೈದು ಸೆಕೆಂಡು ಕಾಯಿರಿ. ಬಾಕ್ಸ್ ಲೆಕ್ಕ ಹಾಕಿ ತೋರಿಸಲು ಅಷ್ಟು ಹೊತ್ತು ಬೇಕು. ಹಳೆಯ ಆಂಟೆನಾದ ಹಾಗೆ ಸರ್ರನೆ ತಿರುಗಿಸಿದರೆ ಸಿಕ್ಕಿದ್ದೂ ಗೊತ್ತಾಗದೆ ದಾಟಿ ಹೋಗುತ್ತದೆ. ಪಟ್ಟಿ ಏರುತ್ತ ಹೋಗಿ ಇಳಿಯಲು ಸುರುವಾದಾಗ ಹಿಂದೆ ಬನ್ನಿ. ಏರಿದ ಜಾಗಕ್ಕೂ ಇಳಿದ ಜಾಗಕ್ಕೂ ನಡುವೆ ನಿಲ್ಲಿಸಿ. ಆಮೇಲೆ ಮೇಲೆ ಕೆಳಗೆ ಹೀಗೆಯೇ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೆ ಸ್ವಲ್ಪ ಸ್ವಲ್ಪವೇ ತಿರುಚಿ ನೋಡಿ. ಅಲೆಗಳು ಓರೆಯಾಗಿ ಬರುವುದರಿಂದ ಎಲ್‌ಎನ್‌ಬಿಯೂ ಓರೆ ಇರಬೇಕಾಗುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಅದರ ಜೊತೆ ತಿರುಗುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಪಟ್ಟಿ ನೋಡಿ.

ನಮ್ಮ ಪಟ್ಟಿ 35ರಿಂದ 72ಕ್ಕೆ ಬಂತು. ಆಗ ಸ್ಕ್ಯಾನ್ ಒತ್ತಿದೆ. ಒಳಗಿನಿಂದ ಅಪ್ಪ "ಬಂತು, ಬಂತು! ಇನ್ನು ಮುಟ್ಬೇಡ" ಎಂದು ಕೂಗಿದ್ದು ತಾರಸಿಗೂ ಕೇಳಿತು. ಹಳೆಯ ಬಾಕ್ಸನ್ನು ಪುನಃ ಹಾಕಿ ನೋಡಿದೆ. ಅದರಲ್ಲೂ ಚಂದನ ಬಂತು. ಎಲ್‌ಎನ್‌ಬಿಗೂ ಬಾಕ್ಸಿಗೂ ಕೊಟ್ಟ ದುಡ್ಡು ನನ್ನ ಕಲಿಕೆಯ ಫೀಸು.

ಸೂರ್ಯನೇ ಸಾಕ್ಷಿ

ಮರ ಅಡ್ಡ ಇಲ್ಲ ಎಂದು ಲೆಕ್ಕ ಹೇಳಿತು. ಆದರೂ ಕಣ್ಣಾರೆ ನೋಡಬೇಕೆಂಬ ಆಸೆ. ಅದಕ್ಕೂ ದಾರಿ ಸಿಕ್ಕಿತು. ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ನಮ್ಮ ಕಡೆ ಮಾರ್ಚ್ 15ರ ಆಸುಪಾಸು ಬೆಳಗ್ಗೆ 11 ಗಂಟೆ ಕಳೆದು ಹತ್ತು ಹದಿನೈದು ನಿಮಿಷಕ್ಕೆ, ಮತ್ತೆ ಸೆಪ್ಟೆಂಬರ್ 28ರ ಆಸುಪಾಸು 11ಕ್ಕೆ ಐದು ನಿಮಿಷ ಇರುವಾಗ. ರಾಜ್ಯದ ಬೇರೆ ಕಡೆ ಎರಡು ಮೂರು ದಿನ, ಕೆಲವು ನಿಮಿಷ ಆಚೀಚೆ. ಆ ಹೊತ್ತಿಗೆ ಬಿಸಿಲು ಬರುವ ದಾರಿಯೂ ಸಿಗ್ನಲ್ ಬರುವ ದಾರಿಯೂ ಒಂದೇ.

ಹಾಗಾಗಿ ಆ ನಿಮಿಷದಲ್ಲಿ ಡಿಶ್‌ನ ತಟ್ಟೆಯ ಮೇಲೆ ಪೂರ್ತಿ ಬಿಸಿಲು ಬಿದ್ದಿದ್ದರೆ ಯಾವ ಮರವೂ ಅಡ್ಡ ಇಲ್ಲ. ನೆರಳು ಬಿದ್ದಿದ್ದರೆ ಯಾವ ಮರದ, ಯಾವ ಸೋಗೆಯ ನೆರಳು ಎಂದು ನೋಡಿ. ಅಡ್ಡ ಇರುವುದು ಅದೊಂದೇ. ಒಂದು ಸೋಗೆ ಸವರಿದರೆ ಆಗುವುದಕ್ಕೆ ಮರ ಯಾಕೆ ಕಡಿಯಬೇಕು? ಎಲ್‌ಎನ್‌ಬಿಯ ಕೈಯ ನೆರಳು ಲೆಕ್ಕಕ್ಕಿಲ್ಲ. ನೆರಳನ್ನು ಮಾತ್ರ ನೋಡಿ, ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬೇಡಿ. ಮೋಡ ಇದ್ದರೆ ಮರುದಿನ ನೋಡಿದರೂ ನಡೆಯುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬಿಸಿಲಿನ ದಿನ ತಾರಸಿಯಲ್ಲಿ ನಿಂತೆ. ಮೂರು ಕಂಗುಗಳ ನೆರಳು ಡಿಶ್‌ವರೆಗೆ ಬರದೆ ಅಂಗಳದಲ್ಲೇ ಉಳಿದಿತ್ತು. ತಟ್ಟೆಯ ತುಂಬ ಬಿಸಿಲು. ಸರಿಯಾಗಿ ಆಗಲೇ ಒಳಗಿನಿಂದ ಅಪ್ಪ "ಹೋಯ್ತು!" ಎಂದು ಕೂಗಿದರು. ಹೋಗಲೇಬೇಕು. ಸೂರ್ಯನ ಗೌಜಿಯಲ್ಲಿ ಉಪಗ್ರಹದ ಸ್ವರ ಆ ಕೆಲವು ನಿಮಿಷ ಮುಳುಗಿಹೋಗುತ್ತದೆ. ಅಂಥ ದಿನಗಳಲ್ಲಿ 11ರ ಸುಮಾರಿಗೆ ಟಿವಿ ನಿಂತರೆ ಯಾರನ್ನೂ ಕರೆಯಬೇಡಿ, ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಬರುತ್ತದೆ. ಡಿಶ್ ಸರಿಯಾಗಿ ಕೂತಿದೆ ಎಂಬುದಕ್ಕೂ ಅದು ಒಂದು ಸಾಕ್ಷಿ.

ಇನ್ನೆರಡು ಮಾತು. ಗುಡುಗು ಸುರುವಾಗುವ ಮೊದಲೇ ಬಾಕ್ಸಿನ ಪ್ಲಗ್ಗನ್ನೂ ಡಿಶ್‌ನ ಕೇಬಲನ್ನೂ ಎರಡನ್ನೂ ಕಳಚಿಡಿ. ಸ್ವಿಚ್ ಮಾತ್ರ ತೆಗೆದರೆ ಸಾಲದು. ಮೋಡ ಗುಡುಗುವಾಗ ಡಿಶ್ ರಿಪೇರಿಗೆ ಮಾಡು ಹತ್ತುವುದೂ ಬೇಡ. ಹೊಸತಾಗಿ ಡಿಶ್ ಹಾಕಿಸುವವರು ಆಗ್ನೇಯಕ್ಕೆ ಇರುವ ಸಸಿಗಳು ಹತ್ತು ವರ್ಷದ ಮೇಲೆ ಎಷ್ಟು ಎತ್ತರ ಆದಾವು ಎಂದು ಈಗಲೇ ಲೆಕ್ಕ ಹಾಕಿ ಜಾಗ ಆರಿಸಿ. ಡಿಶ್ಶನ್ನು ಹತ್ತು ಅಡಿ ಆಚೆ ಇಡುವುದು ಸುಲಭ, ಮರವನ್ನು ಇಡಲಿಕ್ಕಾಗುವುದಿಲ್ಲ.

ಮಂಗಗಳ ಉಯ್ಯಾಲೆಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಈಗ ಕ್ಲಾಂಪಿನ ಎರಡೂ ಬದಿಗೆ ಕೆಂಪು ಬಣ್ಣದ ಗೆರೆ ಎಳೆದಿಟ್ಟಿದ್ದೇನೆ. ಮತ್ತೆ ತಿರುಗಿಸಿದರೆ ಐದು ನಿಮಿಷದಲ್ಲಿ ಗೆರೆಗೆ ಗೆರೆ ಕೂಡಿಸಬಹುದು. ಇದಕ್ಕಿಂತ ಒಳ್ಳೆಯ ಉಪಾಯ ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ. ಆ ಮೂರು ಕಂಗುಗಳ ಮೊದಲ ಕೊಯ್ಲು ಮೊನ್ನೆ ಮುಗಿಯಿತು.